ಯೋಜನಾ ಕಾರ್ಯ (ಶಾಲಾ ಶಿಕ್ಷಣ)

ಯೋಜನಾ ಕಾರ್ಯ ಎಂದರೆ ವಿದ್ಯಾರ್ಥಿಗಳು ನಿಜ ಬದುಕಿಗೆ ಸಂಬಂಧಿಸಿದ ಒಂದು ಪ್ರಶ್ನೆಯನ್ನೋ ಸಮಸ್ಯೆಯನ್ನೋ ಆರಿಸಿಕೊಂಡು, ಅದರ ಅಧ್ಯಯನಕ್ಕೆ ತಾವೇ ಯೋಜನೆ ರೂಪಿಸಿ, ಮಾಹಿತಿ ಸಂಗ್ರಹಿಸಿ, ವಿಶ್ಲೇಷಿಸಿ, ಕಂಡುಕೊಂಡದ್ದನ್ನು ಇತರರ ಮುಂದೆ ಮಂಡಿಸುವ ಕಲಿಕಾ ವಿಧಾನ. ಶಾಲೆಗಳ ದಿನಬಳಕೆಯಲ್ಲಿ ಇದಕ್ಕೆ 'ಪ್ರಾಜೆಕ್ಟ್' ಎಂಬ ಮಾತೇ ರೂಢಿಯಲ್ಲಿದೆ. ಶಿಕ್ಷಕರ ತರಬೇತಿಯ ಪಠ್ಯಗಳಲ್ಲಿ ಇದನ್ನು 'ಯೋಜನಾ ವಿಧಾನ' ಅಥವಾ 'ಯೋಜನಾ ಪದ್ಧತಿ' ಎಂದು ಕರೆಯಲಾಗಿದೆ. ಗಣಿತ, ವಿಜ್ಞಾನ, ಸಮಾಜ ವಿಜ್ಞಾನ, ಭಾಷೆ ಎಂದು ವೇಳಾಪಟ್ಟಿಯಲ್ಲಿ ಬೇರೆ ಬೇರೆಯಾಗಿ ನಿಂತ ವಿಷಯಗಳು ಒಂದೇ ಪ್ರಶ್ನೆಯ ಸುತ್ತ ಕೂಡಿಬರುವುದು ಈ ವಿಧಾನದ ಮುಖ್ಯ ಲಕ್ಷಣ. ಕಲಿತದ್ದನ್ನು ಸಹಪಾಠಿಗಳೊಂದಿಗೂ ಊರವರೊಂದಿಗೂ ಹಂಚಿಕೊಳ್ಳುವುದು ಇದರ ಅವಿಭಾಜ್ಯ ಅಂಗ.

ಸ್ವರೂಪ

ಪಾಠದ ಕೊನೆಯ ಅಭ್ಯಾಸಕ್ಕೂ ಯೋಜನಾ ಕಾರ್ಯಕ್ಕೂ ವ್ಯತ್ಯಾಸವಿದೆ. ಅಭ್ಯಾಸದ ಪ್ರಶ್ನೆಗಳಿಗೆ ಉತ್ತರ ಪಠ್ಯಪುಸ್ತಕದಲ್ಲಿಯೇ ಇರುತ್ತದೆ. ಶಿಕ್ಷಕರಿಗೆ ಅದು ಮೊದಲೇ ತಿಳಿದಿರುತ್ತದೆ. ಯೋಜನಾ ಕಾರ್ಯದ ಪ್ರಶ್ನೆಗೆ ಉತ್ತರ ಸಾಮಾನ್ಯವಾಗಿ ಯಾರ ಬಳಿಯೂ ಸಿದ್ಧವಾಗಿರುವುದಿಲ್ಲ. 'ಜಲಮಾಲಿನ್ಯದ ಕಾರಣಗಳನ್ನು ಬರೆಯಿರಿ' ಎಂಬುದು ಅಭ್ಯಾಸ. 'ನಮ್ಮ ಬೀದಿಯ ಕೊಳವೆಬಾವಿಯ ನೀರು ಬೇಸಿಗೆಯಲ್ಲಿ ಏಕೆ ಉಪ್ಪಾಗುತ್ತದೆ' ಎಂಬುದು ಯೋಜನಾ ಕಾರ್ಯಕ್ಕೆ ತಕ್ಕ ಪ್ರಶ್ನೆ. ಎರಡನೆಯದಕ್ಕೆ ಉತ್ತರ ಹುಡುಕಲು ಹೊರಟ ವಿದ್ಯಾರ್ಥಿ ರಸಾಯನ ವಿಜ್ಞಾನ, ಭೂಗೋಳ ಮತ್ತು ಅಂಕಿಸಂಖ್ಯೆಗಳ ಲೆಕ್ಕ ಈ ಮೂರರ ಬಾಗಿಲನ್ನೂ ತಟ್ಟಲೇಬೇಕಾಗುತ್ತದೆ. ವಿಷಯಗಳ ನಡುವಿನ ಸಂಬಂಧವನ್ನು ಇಲ್ಲಿ ಯಾರೂ ಹೊರಗಿನಿಂದ ಹೇರುವುದಿಲ್ಲ. ಪ್ರಶ್ನೆಯೇ ಅದನ್ನು ಬೇಡುತ್ತದೆ.

ಯೋಜನಾ ಕಾರ್ಯವನ್ನು ಒಬ್ಬ ವಿದ್ಯಾರ್ಥಿ ಒಂಟಿಯಾಗಿ ಮಾಡಬಹುದು, ಗುಂಪಾಗಿಯೂ ಮಾಡಬಹುದು. ಗುಂಪಿನಲ್ಲಿ ಮಾಡುವಾಗ ಕೆಲಸದ ಹಂಚಿಕೆ, ಪರಸ್ಪರ ಸಹಕಾರ, ಭಿನ್ನಾಭಿಪ್ರಾಯಗಳ ಪರಿಹಾರ ಮುಂತಾದ ಸಾಮಾಜಿಕ ಗುಣಗಳಿಗೂ ಅವಕಾಶ ದೊರೆಯುತ್ತದೆ.

ಇತಿಹಾಸ

ಯುರೋಪ್ ಮತ್ತು ಅಮೆರಿಕ

ಯೋಜನಾ ವಿಧಾನದ ಬೇರುಗಳನ್ನು ಶಿಕ್ಷಣ ಇತಿಹಾಸಕಾರರು ರೋಮ್ ಮತ್ತು ಪ್ಯಾರಿಸ್ ನಗರಗಳ ವಾಸ್ತುಶಿಲ್ಪ ಅಕಾಡೆಮಿಗಳಲ್ಲಿ ಗುರುತಿಸಿದ್ದಾರೆ. ಅಲ್ಲಿನ ವಿದ್ಯಾರ್ಥಿಗಳು ಕಟ್ಟಡಗಳ ನಕ್ಷೆಗಳನ್ನು ಸ್ವತಂತ್ರವಾಗಿ ರಚಿಸಿ ಸ್ಪರ್ಧೆಗೆ ಒಪ್ಪಿಸುತ್ತಿದ್ದರು. 19ನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ಕೈಕಸುಬು ತರಬೇತಿ ಶಾಲೆಯಲ್ಲಿ ಕ್ಯಾಲ್ವಿನ್ ವುಡ್‌ವರ್ಡ್ ಈ ಕ್ರಮವನ್ನು ಶಾಲಾ ಹಂತಕ್ಕೆ ತಂದರು. ಅಲ್ಲಿ ವಿದ್ಯಾರ್ಥಿಗಳು ಉಪಕರಣಗಳ ಬಳಕೆಯನ್ನು ಕಲಿತು, ಕೊನೆಯಲ್ಲಿ ತಾವೇ ಯೋಜಿಸಿದ ಒಂದು ವಸ್ತುವನ್ನು ತಯಾರಿಸುತ್ತಿದ್ದರು. 20ನೆಯ ಶತಮಾನದ ಮೊದಲ ದಶಕದಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ರೂಫಸ್ ಸ್ಟಿಮ್ಸನ್ ಕೃಷಿ ಶಾಲೆಯ ಮಕ್ಕಳಿಗೆ ತಮ್ಮ ಮನೆಯ ಹೊಲದಲ್ಲಿಯೇ ಬೆಳೆ ಬೆಳೆದು ಲೆಕ್ಕ ಇಡುವ 'ಮನೆಯ ಯೋಜನೆ'ಯನ್ನು ರೂಪಿಸಿದರು.

ಜಾನ್ ಡ್ಯೂಯಿ 1896ರಲ್ಲಿ ಷಿಕಾಗೊ ವಿಶ್ವವಿದ್ಯಾನಿಲಯದಲ್ಲಿ ಪ್ರಾಯೋಗಿಕ ಶಾಲೆಯೊಂದನ್ನು ಆರಂಭಿಸಿದರು. ಅಡುಗೆ, ನೇಯ್ಗೆ, ಮರಗೆಲಸಗಳ ಮೂಲಕ ವಿಜ್ಞಾನ, ಗಣಿತ, ಇತಿಹಾಸಗಳನ್ನು ಕಲಿಸುವ ಪ್ರಯೋಗ ಅಲ್ಲಿ ನಡೆಯಿತು. ಡ್ಯೂಯಿಯವರ ವಿಚಾರಗಳಿಂದ ಪ್ರಭಾವಿತರಾದ ವಿಲಿಯಂ ಹರ್ಡ್ ಕಿಲ್‌ಪ್ಯಾಟ್ರಿಕ್ 1918ರಲ್ಲಿ ಯೋಜನಾ ವಿಧಾನವನ್ನು ಕುರಿತು ಪ್ರಕಟಿಸಿದ ಪ್ರಬಂಧ ಜಗತ್ತಿನಾದ್ಯಂತ ಹೆಸರಾಯಿತು. ಸಾಮಾಜಿಕ ಪರಿಸರದಲ್ಲಿ ಮನಃಪೂರ್ವಕವಾಗಿ ಮಾಡುವ ಉದ್ದೇಶಪೂರ್ಣ ಕಾರ್ಯವೇ ಯೋಜನೆ ಎಂಬುದು ಅವರ ವಾದದ ತಿರುಳು. ಅವರು ಯೋಜನೆಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು: ವಸ್ತುವನ್ನು ನಿರ್ಮಿಸುವುದು, ಕಲೆ ಸಾಹಿತ್ಯಗಳನ್ನು ಆಸ್ವಾದಿಸುವುದು, ಸಮಸ್ಯೆಯನ್ನು ಬಿಡಿಸುವುದು ಮತ್ತು ಕೌಶಲವೊಂದನ್ನು ಸಾಧಿಸುವುದು.

ಈ ಇತಿಹಾಸದಲ್ಲಿ ಎಚ್ಚರಿಕೆಯ ಪ್ರಸಂಗವೂ ಇದೆ. ಅಮೆರಿಕದ ಮಿಸ್ಸೌರಿ ರಾಜ್ಯದ ಗ್ರಾಮೀಣ ಶಾಲೆಯೊಂದರ ಯೋಜನಾ ಪಠ್ಯಕ್ರಮವನ್ನು ಕುರಿತು ಎಲ್ಸ್‌ವರ್ತ್ ಕಾಲಿಂಗ್ಸ್ ಬರೆದ ಗ್ರಂಥ 1923ರಲ್ಲಿ ಪ್ರಕಟವಾಯಿತು. ಊರಿನ ಮನೆಯೊಂದರಲ್ಲಿ ವಿಷಮಶೀತ ಜ್ವರ ಮರುಕಳಿಸುವುದಕ್ಕೆ ಕಾರಣವೇನೆಂದು ಮಕ್ಕಳು ಪತ್ತೆಹಚ್ಚಿದ ಕಥೆ ಅದರಲ್ಲಿದ್ದು, ಶಿಕ್ಷಣಶಾಸ್ತ್ರದಲ್ಲಿ ಬಹುಕಾಲ ಆದರ್ಶ ಉದಾಹರಣೆಯಾಗಿ ಉಳಿಯಿತು. ಆದರೆ 1990ರ ದಶಕದಲ್ಲಿ ಜರ್ಮನಿಯ ವಿದ್ವಾಂಸ ಮೈಕೆಲ್ ನೋಲ್ ದಾಖಲೆಗಳನ್ನು ಪರಿಶೀಲಿಸಿ, ಪ್ರಯೋಗವು ಗ್ರಂಥದಲ್ಲಿ ವರ್ಣಿಸಿದಂತೆ ನಡೆದಿರಲಿಲ್ಲ ಎಂದು ವಾದಿಸಿದರು. ಕೆಲಸಕ್ಕಿಂತ ವರದಿಯೇ ಸುಂದರವಾಗುವ ಅಪಾಯ ಈ ವಿಧಾನಕ್ಕೆ ಮೊದಲಿನಿಂದಲೂ ಅಂಟಿಕೊಂಡಿದೆ ಎಂಬುದಕ್ಕೆ ಇದು ನಿದರ್ಶನ.

ಭಾರತ

ಭಾರತದಲ್ಲಿ ಕೆಲಸದ ಮೂಲಕ ಕಲಿಯುವ ಚಿಂತನೆ ಸ್ವತಂತ್ರವಾಗಿಯೂ ಬೆಳೆಯಿತು. ರವೀಂದ್ರನಾಥ ಠಾಕೂರರು 1901ರಲ್ಲಿ ಶಾಂತಿನಿಕೇತನದಲ್ಲಿ ಶಾಲೆಯನ್ನು ತೆರೆದು, ಪ್ರಕೃತಿಯ ನಡುವೆ ಕಲಿಯುವುದಕ್ಕೆ ಮಹತ್ವ ನೀಡಿದರು. 1937ರ ಅಕ್ಟೋಬರ್‌ನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ವಾರ್ಧಾದಲ್ಲಿ ನಡೆದ ಶಿಕ್ಷಣ ಸಮ್ಮೇಳನವು ನಯೀ ತಾಲೀಮ್ ಅಥವಾ ಮೂಲ ಶಿಕ್ಷಣದ ರೂಪುರೇಷೆಯನ್ನು ಒಪ್ಪಿಕೊಂಡಿತು. ಅದರ ಪಠ್ಯಕ್ರಮವನ್ನು ಡಾ. ಜಾಕಿರ್ ಹುಸೇನ್ ಅಧ್ಯಕ್ಷತೆಯ ಸಮಿತಿ ಸಿದ್ಧಪಡಿಸಿತು. ಮಾತೃಭಾಷೆಯಲ್ಲಿ 7 ವರ್ಷಗಳ ಉಚಿತ, ಕಡ್ಡಾಯ ಶಿಕ್ಷಣ ಮತ್ತು ಒಂದು ಕೈಕಸುಬಿನ ಸುತ್ತ ಎಲ್ಲ ವಿಷಯಗಳ ಬೋಧನೆ ಇದರ ಮುಖ್ಯ ತತ್ತ್ವಗಳು. ಹೀಗೆ ವಿಷಯಗಳನ್ನು ಹೊಂದಿಸಿ ಕಲಿಸುವುದನ್ನು 'ಸಹಸಂಬಂಧ' ಪದ್ಧತಿ ಎನ್ನುತ್ತಾರೆ.

ತಕಲಿಯಲ್ಲಿ ನೂಲು ತೆಗೆಯುವುದು ಇದಕ್ಕೆ ಪ್ರಸಿದ್ಧ ಉದಾಹರಣೆ. ಒಂದು ಪೌಂಡ್ ತೂಕದ ಹತ್ತಿ ನೂಲಿನಲ್ಲಿ 840 ಗಜಗಳ ಎಷ್ಟು ಲಡಿಗಳಿವೆ ಎಂಬುದೇ ನೂಲಿನ ನಂಬರು. 20 ನಂಬರಿನ ನೂಲು ಒಂದು ಪೌಂಡ್ ಇದ್ದರೆ ಅದರ ಉದ್ದ 16,800 ಗಜ. ಈ ಒಂದು ಲೆಕ್ಕದಲ್ಲಿ ಗುಣಾಕಾರ, ಉದ್ದ ಮತ್ತು ತೂಕದ ಅಳತೆಗಳಿವೆ. ಹತ್ತಿ ಬೆಳೆಯುವ ಮಣ್ಣಿನ ವಿಚಾರದಲ್ಲಿ ಭೂಗೋಳವಿದೆ. ಮ್ಯಾಂಚೆಸ್ಟರಿನ ಗಿರಣಿ ಬಟ್ಟೆಯ ಕಥೆಯಲ್ಲಿ ಇತಿಹಾಸವಿದೆ. ಯೋಜನಾ ವಿಧಾನದಲ್ಲಿ ಒಂದು ಯೋಜನೆ ಮುಗಿದ ಬಳಿಕ ಬೇರೊಂದು ಆರಂಭವಾಗುತ್ತದೆ. ಮೂಲ ಶಿಕ್ಷಣದಲ್ಲಿ ಕಸುಬು ವರ್ಷವಿಡೀ ನಡೆಯುತ್ತದೆ ಮತ್ತು ಅದರ ಉತ್ಪನ್ನಕ್ಕೆ ಬೆಲೆಯಿರುತ್ತದೆ. ಎರಡರ ನಡುವಿನ ಮುಖ್ಯ ವ್ಯತ್ಯಾಸ ಇದೇ.

ಕನ್ನಡ ನಾಡಿನಲ್ಲಿ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣವನ್ನು ಕುರಿತು ಪ್ರಯೋಗಗಳನ್ನು ನಡೆಸಿದರು. ಮಕ್ಕಳಿಗಾಗಿ ಅವರು ರಚಿಸಿದ ವಿಶ್ವಕೋಶ 'ಬಾಲ ಪ್ರಪಂಚ' ಮೂರು ಸಂಪುಟಗಳಲ್ಲಿ ಪ್ರಕಟವಾಯಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಶಾಲೆಯ ಕಲಿಕೆಯನ್ನು ಹೊರಗಿನ ಬದುಕಿನೊಂದಿಗೆ ಜೋಡಿಸಬೇಕೆಂದು ಹೇಳಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಪ್ರಕರಣವು ಚಟುವಟಿಕೆ ಮತ್ತು ಅನ್ವೇಷಣೆಗಳ ಮೂಲಕ ಕಲಿಯುವುದನ್ನು ಪಠ್ಯಕ್ರಮದ ತತ್ತ್ವಗಳಲ್ಲಿ ಸೇರಿಸಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೆಯ ತರಗತಿಯ ಅವಧಿಯಲ್ಲಿ ಮಕ್ಕಳು 10 ದಿನ ಪುಸ್ತಕದ ಚೀಲವಿಲ್ಲದೆ ಬಡಗಿ, ಕುಂಬಾರ, ತೋಟಗಾರ ಮೊದಲಾದ ಸ್ಥಳೀಯ ಕುಶಲಕರ್ಮಿಗಳ ಬಳಿ ಕಲಿಯಬೇಕೆಂದು ಸೂಚಿಸಿದೆ.

ಹಂತಗಳು

ಕಿಲ್‌ಪ್ಯಾಟ್ರಿಕ್ ಹೇಳಿದ ಹಂತಗಳು ನಾಲ್ಕು: ಉದ್ದೇಶ, ಯೋಜನೆ, ಕಾರ್ಯನಿರ್ವಹಣೆ ಮತ್ತು ತೀರ್ಮಾನ. ಶಾಲೆಗಳಲ್ಲಿ ಇವು ಸಾಮಾನ್ಯವಾಗಿ ಹೀಗೆ ವಿಸ್ತಾರಗೊಂಡಿವೆ:

• ಸನ್ನಿವೇಶ ಒದಗಿಸುವುದು: ಹೊರಸಂಚಾರ, ಸುದ್ದಿ ಅಥವಾ ಚರ್ಚೆಯ ಮೂಲಕ ಶಿಕ್ಷಕರು ಕುತೂಹಲ ಹುಟ್ಟಿಸುತ್ತಾರೆ.
• ಪ್ರಶ್ನೆಯ ಆಯ್ಕೆ: ವಿದ್ಯಾರ್ಥಿಗಳು ತಮ್ಮ ಶಕ್ತಿ ಮತ್ತು ಕಾಲಮಿತಿಗೆ ಹೊಂದುವ ಒಂದು ಪ್ರಶ್ನೆಯನ್ನು ಆರಿಸುತ್ತಾರೆ. ವಿಷಯ ವಿಶಾಲವಾದಷ್ಟೂ ಕೆಲಸ ತೆಳುವಾಗುತ್ತದೆ. ಆದ್ದರಿಂದ ಪ್ರಶ್ನೆಯನ್ನು ಕಿರಿದುಗೊಳಿಸುವುದು ಈ ಹಂತದ ಮುಖ್ಯ ಕೆಲಸ.
• ಯೋಜನೆ: ಯಾರು, ಯಾವಾಗ, ಯಾವ ಮಾಹಿತಿಯನ್ನು, ಯಾರಿಂದ ಪಡೆಯಬೇಕೆಂಬ ನಿರ್ಧಾರ.
• ಕಾರ್ಯನಿರ್ವಹಣೆ: ವೀಕ್ಷಣೆ, ಅಳತೆ, ಸಂದರ್ಶನ, ಪ್ರಯೋಗ. ಇವೆಲ್ಲವನ್ನೂ ದಿನಾಂಕ ಸಹಿತ ದಿನಚರಿ ಪುಸ್ತಕದಲ್ಲಿ ದಾಖಲಿಸಲಾಗುತ್ತದೆ.
• ವಿಶ್ಲೇಷಣೆ ಮತ್ತು ವರದಿ: ಕೋಷ್ಟಕ, ನಕ್ಷೆ, ಚಿತ್ರಗಳೊಂದಿಗೆ ತೀರ್ಮಾನಗಳ ನಿರೂಪಣೆ.
• ಮಂಡನೆ ಮತ್ತು ವಿಮರ್ಶೆ: ಇತರರ ಪ್ರಶ್ನೆಗಳಿಗೆ ಉತ್ತರಿಸುವುದು; ಎಲ್ಲಿ ಎಡವಿದೆವು ಎಂಬುದನ್ನು ಗುರುತಿಸುವುದು.

ಉದಾಹರಣೆ: ಊರ ಕೆರೆಯ ಅಧ್ಯಯನ

ಕರ್ನಾಟಕದ ಗ್ರಾಮೀಣ ಶಾಲೆಗಳಿಗೆ ಕೆರೆಯು ಸುಲಭವಾಗಿ ದೊರೆಯುವ ವಸ್ತು. 'ನಮ್ಮ ಕೆರೆ ಮೊದಲಿನಂತೆ ತುಂಬುತ್ತಿಲ್ಲವೇಕೆ' ಎಂಬ ಒಂದೇ ಪ್ರಶ್ನೆ ಹಲವು ವಿಷಯಗಳಿಗೆ ದಾರಿ ಮಾಡಿಕೊಡುತ್ತದೆ.

• ಗಣಿತ: ಒಂದು ಚದರ ಮೀಟರ್ ಜಾಗದ ಮೇಲೆ 1 ಮಿ.ಮೀ. ಮಳೆ ಬಿದ್ದರೆ ದೊರೆಯುವ ನೀರು ಒಂದು ಲೀಟರ್. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲದ ಜಾಗ; ಅಂದರೆ ಸುಮಾರು 101 ಚದರ ಮೀಟರ್. 40 ಗುಂಟೆ ಸೇರಿದರೆ ಒಂದು ಎಕರೆ. ಹೀಗಾಗಿ ಒಂದು ಎಕರೆಯ ಮೇಲೆ 10 ಮಿ.ಮೀ. ಮಳೆಯಾದರೆ ಸುಮಾರು 40,470 ಲೀಟರ್ ನೀರು ಬೀಳುತ್ತದೆ. ಬಿದ್ದ ನೀರೆಲ್ಲ ಕೆರೆಗೆ ಬರುವುದಿಲ್ಲ. ಒಂದು ಪಾಲು ಇಂಗುತ್ತದೆ, ಒಂದು ಪಾಲು ಆವಿಯಾಗುತ್ತದೆ. ಲೆಕ್ಕಕ್ಕೂ ವಾಸ್ತವಕ್ಕೂ ಇರುವ ಈ ಅಂತರವೇ ಮುಂದಿನ ಪ್ರಶ್ನೆಗೆ ಮೊದಲಾಗುತ್ತದೆ.
• ವಿಜ್ಞಾನ: ಮಳೆಗಾಲದಲ್ಲಿಯೂ ಬೇಸಿಗೆಯಲ್ಲಿಯೂ ಕೆರೆಯ ನೀರನ್ನು ಒಂದೇ ಅಳತೆಯ ಗಾಜಿನ ಬಾಟಲಿಗಳಲ್ಲಿ ತುಂಬಿ, ಅಲುಗಾಡಿಸದೆ ಒಂದು ರಾತ್ರಿ ಇಟ್ಟು, ತಳದಲ್ಲಿ ಕುಳಿತ ಹೂಳಿನ ದಪ್ಪವನ್ನು ಹೋಲಿಸಬಹುದು. ದಂಡೆಯ ಗಿಡಗಳು, ಹಕ್ಕಿಗಳು, ಮೀನುಗಳು ಮತ್ತು ನೀರಿನ ಮೇಲೆ ಹಬ್ಬಿದ ಕಳೆಗಳ ಪಟ್ಟಿ ಮಾಡಬಹುದು.
• ಭೂಗೋಳ: ಗ್ರಾಮ ನಕಾಶೆಯ ನೆರವಿನಿಂದ ನೀರು ಹರಿದುಬರುವ ಹಳ್ಳಗಳನ್ನೂ ಅಚ್ಚುಕಟ್ಟು ಪ್ರದೇಶವನ್ನೂ ಗುರುತಿಸುವುದು, ಏರಿ, ತೂಬು, ಕೋಡಿಗಳ ಸ್ಥಾನವನ್ನು ನಕ್ಷೆಯಲ್ಲಿ ತೋರಿಸುವುದು. ಹಳ್ಳದ ದಾರಿಯಲ್ಲಿ ರಸ್ತೆ, ಕಟ್ಟಡ ಅಥವಾ ಒತ್ತುವರಿ ಬಂದಿದ್ದರೆ ಅದು ಇಲ್ಲಿ ಗೋಚರಿಸುತ್ತದೆ.
• ಇತಿಹಾಸ: ಕೆರೆ ಕಟ್ಟಿಸಿದ ಮತ್ತು ದುರಸ್ತಿ ಮಾಡಿಸಿದ ಸಂಗತಿಗಳು ಕನ್ನಡ ಶಾಸನಗಳಲ್ಲಿ ಹೇರಳವಾಗಿವೆ. ಕೆರೆಯ ನಿರ್ಮಾಣ ಮತ್ತು ನಿರ್ವಹಣೆಗಾಗಿ ಬಿಟ್ಟ ಭೂಮಿಯನ್ನು 'ಬಿತ್ತುವಟ್ಟ', 'ಕಟ್ಟುಗೊಡಗೆ' ಎಂಬ ಪದಗಳು ಸೂಚಿಸುತ್ತವೆ. ಬಿ. ಎಲ್. ರೈಸ್ ಸಂಪಾದಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿರುವುದರಿಂದ, ಹಳೆಯ ಮೈಸೂರು ಪ್ರಾಂತ್ಯದ ವಿದ್ಯಾರ್ಥಿಗಳು ತಮ್ಮ ಊರಿನ ಶಾಸನ ಅಲ್ಲಿದೆಯೇ ಎಂದು ಹುಡುಕಬಹುದು.
• ಪೌರನೀತಿ: ಕೆರೆ ಗ್ರಾಮ ಪಂಚಾಯಿತಿಗೆ ಸೇರಿದೆಯೇ, ಸಣ್ಣ ನೀರಾವರಿ ಇಲಾಖೆಗೆ ಸೇರಿದೆಯೇ, ಹೂಳೆತ್ತುವ ಹೊಣೆ ಯಾರದು ಎಂಬುದನ್ನು ವಿಚಾರಿಸುವುದು. ತೂಬು ತೆರೆದು ಗದ್ದೆಗಳಿಗೆ ನೀರು ಹಂಚುತ್ತಿದ್ದ ನೀರುಗಂಟಿಯ ಕೆಲಸವನ್ನು ಹಿರಿಯರಿಂದ ಕೇಳಿ ತಿಳಿಯುವುದು.
• ಭಾಷೆ: ಸಂದರ್ಶನವನ್ನು ಹೇಳಿದ ಮಾತಿನಲ್ಲಿಯೇ ಬರೆದುಕೊಂಡು, ಬಳಿಕ ವರದಿಯ ಭಾಷೆಗೆ ತರುವುದು ಉತ್ತಮ ಭಾಷಾಭ್ಯಾಸ. ಕೆರೆಯಲ್ಲಿ ನೀರು ಬರಲೆಂದು ಕಿರಿಯ ಸೊಸೆ ಭಾಗೀರಥಿಯನ್ನು ಬಲಿಕೊಟ್ಟ ಕಥೆಯುಳ್ಳ 'ಕೆರೆಗೆ ಹಾರ' ಜನಪದ ಕಥನಗೀತೆಯನ್ನು ಓದಿ, ನೀರಿನ ಅಭಾವದ ಭಾರ ಯಾರ ಮೇಲೆ ಬೀಳುತ್ತದೆ ಎಂದು ಚರ್ಚಿಸಬಹುದು.

ಈ ಎಲ್ಲ ಭಾಗಗಳನ್ನು ಒಂದೇ ಗುಂಪು ಮಾಡಬೇಕಾಗಿಲ್ಲ. ಒಂದೊಂದು ಗುಂಪು ಒಂದೊಂದು ಭಾಗವನ್ನು ವಹಿಸಿಕೊಂಡಾಗ, ಮಳೆಯ ಲೆಕ್ಕ ಮಾಡಿದವರಿಗೆ ಹೂಳಿನ ಗುಂಪಿನ ಫಲಿತಾಂಶ ಬೇಕಾಗುತ್ತದೆ; ಹೂಳಿನ ಗುಂಪಿಗೆ ಹಿರಿಯರ ನೆನಪು ಬೇಕಾಗುತ್ತದೆ. ಮಕ್ಕಳು ನೀರಿಗೆ ಇಳಿಯಬಾರದು. ಕೆರೆಯ ಬಳಿಯ ಎಲ್ಲ ಕೆಲಸವೂ ಹಿರಿಯರ ಸಮ್ಮುಖದಲ್ಲಿ ನಡೆಯಬೇಕು.

ಹಂಚಿಕೆ

ಯೋಜನಾ ಕಾರ್ಯದ ವರದಿಯನ್ನು ಶಿಕ್ಷಕರೊಬ್ಬರೇ ಓದಿ ಅಂಕ ನೀಡಿ ಕಪಾಟಿನಲ್ಲಿ ಇರಿಸಿದರೆ ಕಲಿಕೆ ಅರ್ಧಕ್ಕೆ ನಿಲ್ಲುತ್ತದೆ. ತರಗತಿಯ ಮುಂದೆ ಮೌಖಿಕ ಮಂಡನೆ, ಗೋಡೆ ಪತ್ರಿಕೆ, ವಸ್ತುಪ್ರದರ್ಶನ, ಪೋಷಕರ ಸಭೆ, ಕೆಳಗಿನ ತರಗತಿಯ ಮಕ್ಕಳಿಗೆ ವಿವರಣೆ ಮುಂತಾದವು ಹಂಚಿಕೆಯ ಸಾಮಾನ್ಯ ರೂಪಗಳು. ತಾನು ತಿಳಿದದ್ದನ್ನು ಇನ್ನೊಬ್ಬರಿಗೆ ತಿಳಿಯುವಂತೆ ಹೇಳಲು ಹೊರಟಾಗಲೇ ತನಗೆ ತಿಳಿಯದ ಜಾಗಗಳು ವಿದ್ಯಾರ್ಥಿಗೆ ಕಾಣುತ್ತವೆ.

ಹಂಚಿಕೆಗೂ ನಕಲಿಗೂ ಗಡಿಯಿದೆ. ಮತ್ತೊಬ್ಬರ ವರದಿಯಿಂದ ಪ್ರಶ್ನೆಯನ್ನೂ ವಿಧಾನವನ್ನೂ ಪಡೆದು ತನ್ನ ಊರಿನಲ್ಲಿ ಹೊಸದಾಗಿ ಅಳತೆ ಮಾಡುವುದು ಹಂಚಿಕೆ. ಅವರ ಅಂಕಿಗಳನ್ನು ತನ್ನವೆಂದು ಬರೆದುಕೊಳ್ಳುವುದು ನಕಲು. ಒಳ್ಳೆಯ ವರದಿಯಲ್ಲಿ ಈ ಅಂಶಗಳು ಇರುತ್ತವೆ: ಯಾವ ಮಾಹಿತಿ ಎಲ್ಲಿಂದ ಬಂದಿತು, ಗುಂಪಿನಲ್ಲಿ ಯಾರು ಯಾವ ಕೆಲಸ ಮಾಡಿದರು, ಯಾವ ಪ್ರಯತ್ನ ವಿಫಲವಾಯಿತು, ಸಂದರ್ಶನ ನೀಡಿದವರ ಒಪ್ಪಿಗೆ ಇತ್ತೇ. ಸರಿಯಾಗಿ ದಾಖಲಾದ ವರದಿಯು ಮುಂದಿನ ವರ್ಷದ ವಿದ್ಯಾರ್ಥಿಗಳಿಗೆ ಆಧಾರವಾಗುತ್ತದೆ. ಒಂದು ಕೆರೆಯ ನೀರಿನ ಮಟ್ಟವನ್ನು ಒಂದು ವರ್ಷ ಅಳೆದರೆ ಅದು ಒಂದು ಅಂಕಿ. ಹತ್ತು ವರ್ಷಗಳ ತರಗತಿಗಳು ಅದೇ ಸ್ಥಳದಲ್ಲಿ, ಅದೇ ತಿಂಗಳಿನಲ್ಲಿ ಅಳೆದರೆ ಅದು ಊರಿಗೇ ಉಪಯುಕ್ತವಾದ ದಾಖಲೆ.

ಕರ್ನಾಟಕದಲ್ಲಿ

ಚಟುವಟಿಕೆ ಆಧಾರಿತ ಕಲಿಕೆಗೆ ಕರ್ನಾಟಕದ ಹೆಸರಾಂತ ಉದಾಹರಣೆ 'ನಲಿಕಲಿ'. ಇದು 1995ರಲ್ಲಿ ಯುನಿಸೆಫ್ ನೆರವಿನಿಂದ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ, ಮುಂದೆ ರಾಜ್ಯದ ಸರ್ಕಾರಿ ಶಾಲೆಗಳ ಆರಂಭಿಕ ತರಗತಿಗಳಿಗೆ ವಿಸ್ತರಿಸಿತು.

ವಿದ್ಯಾರ್ಥಿಗಳ ಯೋಜನಾ ಕಾರ್ಯಗಳಿಗೆ ಹೊರವೇದಿಕೆ ಒದಗಿಸಿದವುಗಳಲ್ಲಿ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ ಪ್ರಮುಖವಾದುದು. 1993ರಲ್ಲಿ ಆರಂಭವಾದ ಈ ಸಮಾವೇಶದಲ್ಲಿ 10ರಿಂದ 17 ವರ್ಷದ ಮಕ್ಕಳು ಸ್ಥಳೀಯ ಸಮಸ್ಯೆಯೊಂದನ್ನು ಮಾರ್ಗದರ್ಶಿ ಶಿಕ್ಷಕರ ನೆರವಿನಿಂದ ಅಧ್ಯಯನ ಮಾಡಿ, ಜಿಲ್ಲಾ, ರಾಜ್ಯ ಮತ್ತು ರಾಷ್ಟ್ರ ಮಟ್ಟಗಳಲ್ಲಿ ಮಂಡಿಸುತ್ತಾರೆ. ಕರ್ನಾಟಕದಲ್ಲಿ ಇದರ ಸಂಘಟನೆಯಲ್ಲಿ 1980ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಪ್ರಮುಖ ಪಾತ್ರ ವಹಿಸಿದೆ. ಪರಿಷತ್ತು 'ಬಾಲ ವಿಜ್ಞಾನ' ಮಾಸಪತ್ರಿಕೆಯನ್ನೂ ಪ್ರಕಟಿಸುತ್ತ ಬಂದಿದೆ. ಕೇಂದ್ರ ಸರ್ಕಾರದ 'ಇನ್‌ಸ್ಪೈರ್ ಮಾನಕ್' ಯೋಜನೆಯಲ್ಲಿ ಆಯ್ಕೆಯಾದ ಮಕ್ಕಳಿಗೆ ತಮ್ಮ ಆಲೋಚನೆಯ ಮಾದರಿ ತಯಾರಿಸಲು 10,000 ರೂಪಾಯಿ ನೀಡಲಾಗುತ್ತದೆ.

ಮೌಲ್ಯಮಾಪನ

ರಾಜ್ಯದ ಶಾಲೆಗಳಲ್ಲಿ ವರ್ಷದುದ್ದಕ್ಕೂ ನಡೆಯುವ ರೂಪಣಾತ್ಮಕ ಮೌಲ್ಯಮಾಪನದಲ್ಲಿ ಯೋಜನಾ ಕಾರ್ಯಗಳೂ ಸೇರುತ್ತವೆ. ಸಿದ್ಧವಾದ ಮಾದರಿಯ ಅಂದವನ್ನು ನೋಡಿ ಅಂಕ ನೀಡುವುದು ಸುಲಭ. ಆದರೆ ಅದರಿಂದ ಕಲಿಕೆಯ ಅಳತೆ ಸಿಗುವುದಿಲ್ಲ. ಪ್ರಶ್ನೆ ಎಷ್ಟು ಸ್ವಂತದ್ದು, ಮಾಹಿತಿ ಹೇಗೆ ದೊರೆಯಿತು, ದಿನಚರಿ ಪುಸ್ತಕ ಕ್ರಮವಾಗಿದೆಯೇ, ಮೌಖಿಕ ಪ್ರಶ್ನೆಗಳಿಗೆ ವಿದ್ಯಾರ್ಥಿ ಹೇಗೆ ಉತ್ತರಿಸುತ್ತಾನೆ ಅಥವಾ ಉತ್ತರಿಸುತ್ತಾಳೆ ಎಂಬ ಮಾನದಂಡಗಳು ಹೆಚ್ಚು ವಿಶ್ವಾಸಾರ್ಹ. ಐದು ನಿಮಿಷಗಳ ಸಂಭಾಷಣೆಯಿಂದಲೇ ಕೆಲಸ ಯಾರದೆಂಬುದು ಬಹುಮಟ್ಟಿಗೆ ತಿಳಿಯುತ್ತದೆ.

ಟೀಕೆ ಮತ್ತು ಮಿತಿಗಳು

ಯೋಜನಾ ವಿಧಾನದಲ್ಲಿ ಕಲಿಕೆ ಕ್ರಮಬದ್ಧವಾಗಿ ಸಾಗುವುದಿಲ್ಲ, ಗಣಿತದಂತಹ ವಿಷಯಗಳಲ್ಲಿ ಅಗತ್ಯವಾದ ಪುನರಭ್ಯಾಸ ದೊರೆಯುವುದಿಲ್ಲ ಎಂಬುದು ಹಳೆಯ ಟೀಕೆ. ಎಲ್ಲವನ್ನೂ ಮಗುವಿನ ಇಚ್ಛೆಗೇ ಬಿಡುವುದನ್ನು ಡ್ಯೂಯಿಯವರೂ ಒಪ್ಪಲಿಲ್ಲ. 1938ರ ತಮ್ಮ ಕೃತಿಯಲ್ಲಿ ಅವರು, ಎಲ್ಲ ಅನುಭವವೂ ಶಿಕ್ಷಣವಾಗುವುದಿಲ್ಲವೆಂದೂ ಅನುಭವವನ್ನು ಕಲಿಕೆಯತ್ತ ತಿರುಗಿಸುವುದು ಶಿಕ್ಷಕರ ಹೊಣೆಯೆಂದೂ ವಾದಿಸಿದರು. ಆದ್ದರಿಂದ ಯೋಜನಾ ಕಾರ್ಯವನ್ನು ಪಾಠಕ್ಕೆ ಪರ್ಯಾಯವೆಂದಲ್ಲ, ಪೂರಕವೆಂದು ಪರಿಗಣಿಸುವುದು ವಾಡಿಕೆ.

ಹೆಚ್ಚು ಗಂಭೀರವಾದ ಸಮಸ್ಯೆ ಸಮಾನತೆಗೆ ಸಂಬಂಧಿಸಿದುದು. ಥರ್ಮಾಕೋಲ್, ಬಣ್ಣದ ಕಾಗದ, ಚಾರ್ಟ್, ಮುದ್ರಿತ ಚಿತ್ರಗಳಿಗೆ ಹಣ ಬೇಕು. ಮಾಹಿತಿ ಹುಡುಕಲು ಮೊಬೈಲ್ ಫೋನ್ ಬೇಕು. ನೆರವಾಗಲು ಓದು ಬಲ್ಲ ಪೋಷಕರು ಬೇಕು. ಇವು ಇಲ್ಲದ ಮನೆಯ ಮಗು ಇತರರಷ್ಟೇ ಯೋಚಿಸಿದ್ದರೂ ಪ್ರದರ್ಶನದ ದಿನ ಹಿಂದೆ ಬೀಳುತ್ತದೆ. ಶಾಲೆ ಬಿಟ್ಟ ಬಳಿಕ ಮನೆಗೆಲಸ ಮಾಡುವ ಹೆಣ್ಣುಮಕ್ಕಳಿಗೆ ಗುಂಪಿನ ಕೆಲಸಕ್ಕೆ ಸಮಯ ಸಿಗುವುದೂ ಕಷ್ಟ. ಇನ್ನೊಂದೆಡೆ, ಅಂಗಡಿಗಳಲ್ಲಿ ದೊರೆಯುವ ಸಿದ್ಧ ಮಾದರಿಗಳು ಮತ್ತು ಪೋಷಕರೇ ಮಾಡಿಕೊಡುವ ಕಡತಗಳು ಮಗುವಿನ ಪಾಲಿಗೆ ಏನನ್ನೂ ಉಳಿಸುವುದಿಲ್ಲ. ಹೆಚ್ಚು ಮಕ್ಕಳಿರುವ ತರಗತಿಗಳಲ್ಲಿ ಮತ್ತು ಒಬ್ಬರೇ ಶಿಕ್ಷಕರು ಹಲವು ತರಗತಿಗಳನ್ನು ನೋಡಿಕೊಳ್ಳುವ ಶಾಲೆಗಳಲ್ಲಿ ಪ್ರತಿಯೊಂದು ಗುಂಪಿಗೂ ಮಾರ್ಗದರ್ಶನ ನೀಡುವುದು ದುಸ್ತರ.

ಈ ಕೊರತೆಗಳನ್ನು ತಗ್ಗಿಸಲು ಕೆಲವು ಕ್ರಮಗಳು ರೂಢಿಯಲ್ಲಿವೆ: ಕೆಲಸದ ಹೆಚ್ಚಿನ ಭಾಗವನ್ನು ಶಾಲೆಯ ಅವಧಿಯಲ್ಲಿಯೇ ಮುಗಿಸುವುದು, ಕೊಂಡುತಂದ ವಸ್ತುಗಳಿಗೆ ಅಂಕ ನೀಡದಿರುವುದು, ಬಳಸಿ ಬಿಟ್ಟ ರಟ್ಟು, ಮಣ್ಣು, ಎಲೆ ಮುಂತಾದ ಸ್ಥಳೀಯ ಸಾಮಗ್ರಿಗಳನ್ನು ಉಪಯೋಗಿಸುವುದು, ಎಲ್ಲ ವಿಷಯಗಳ ಶಿಕ್ಷಕರು ಸೇರಿ ವರ್ಷಕ್ಕೆ ಒಂದೆರಡು ಸಂಯುಕ್ತ ಯೋಜನೆಗಳನ್ನು ಮಾತ್ರ ಕೊಡುವುದು. ಪ್ರತಿಯೊಂದು ವಿಷಯಕ್ಕೂ ಪ್ರತ್ಯೇಕ ಕಡತ ಒಪ್ಪಿಸುವ ಹೊರೆಯನ್ನು ಕೊನೆಯ ಕ್ರಮವು ಇಳಿಸುತ್ತದೆ. ವಿಷಯಗಳನ್ನು ಕೂಡಿಸುವ ಮೂಲ ಉದ್ದೇಶಕ್ಕೂ ಅದು ಹತ್ತಿರವಾಗಿದೆ. ನೀರುಗಂಟಿಯ ಕೆಲಸ, ಬಿತ್ತನೆಯ ಕಾಲ, ಮನೆಮದ್ದು, ನೇಯ್ಗೆ ಮುಂತಾದ ವಿಷಯಗಳನ್ನು ಆರಿಸಿದಾಗ, ಓದು ಬಾರದ ಪೋಷಕರೂ ಅಜ್ಜ ಅಜ್ಜಿಯರೂ ಮಾಹಿತಿ ನೀಡುವವರಾಗುತ್ತಾರೆ. ಅಂತಹ ಯೋಜನಾ ಕಾರ್ಯದಲ್ಲಿ ಹಿಂದೆ ಬೀಳುತ್ತಿದ್ದ ಮಗುವಿನ ಮನೆಯೇ ಆಕರವಾಗುತ್ತದೆ.